ಅಲಗಿನ ಮೇಲೆ ಗುರುತು, ಒರೆಗೆ ಚರ್ಮ: ಹವ್ಯಾಸಿ ಲೇಸರ್ ಯಂತ್ರದಿಂದ ಎಷ್ಟರಮಟ್ಟಿಗೆ ಸಾಧ್ಯ?

ಕುಲುಮೆ, ಹಾಸನ

ಎಲ್ಲರಿಗೂ ನಮಸ್ಕಾರ. ಲಾರಿಯ ಹಳೆಯ ಕಮಾನ್ ಪ್ಲೇಟು ತಂದು ಅಡುಗೆಮನೆಯ ಚಾಕು, ತೋಟದ ಕತ್ತಿ ಮಾಡುವುದು ನನ್ನ ಭಾನುವಾರದ ಹವ್ಯಾಸ. ಇಷ್ಟು ದಿನ, ಅಲಗಿನ ಮೇಲೆ ಹೆಸರು ಬೇಕೆಂದವರಿಗಾಗಿ ಪಾತ್ರೆ ಅಂಗಡಿಗೆ ಹೋಗಿ, ಮದುವೆಯ ಉಡುಗೊರೆಯ ಬಿಂದಿಗೆಗೆ ಹೆಸರು ಹಾಕುವ ಅದೇ ಅದುರುವ ಪೆನ್ನಿನಿಂದ ಬರೆಸಿಕೊಂಡು ಬರುತ್ತಿದ್ದೆ. ಹದ ಕೊಟ್ಟ ಉಕ್ಕಿನ ಮೇಲೆ ಆ ಪೆನ್ನಿನ ಮೊನೆ ಜಾರುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಅಂಗಡಿಯವರೂ ಮುಖ ಸಿಂಡರಿಸುತ್ತಾರೆ. ಆದ್ದರಿಂದ ಎರಡು ತಿಂಗಳ ಹಿಂದೆ ಒಂದು ನೀಲಿ ಬೆಳಕಿನ ಡಯೋಡ್ ಲೇಸರ್ ಯಂತ್ರವನ್ನು ಕೊಂಡೆ. ಪೆಟ್ಟಿಗೆಯ ಮೇಲೆ 40 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರು. ಒಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ಮಾತ್ರ ಬೆಳಕಿನ ಶಕ್ತಿ 10 ವ್ಯಾಟ್ ಎಂದಿತ್ತು.

ಈಗ ನನ್ನ ತೊಂದರೆಗಳನ್ನು ಹೇಳುತ್ತೇನೆ. ಉಜ್ಜಿ ಹೊಳಪು ಕೊಟ್ಟ ಅಲಗಿನ ಮೇಲೆ ಪೂರ್ಣ ಶಕ್ತಿಯಲ್ಲಿ ನಿಧಾನವಾಗಿ ಓಡಿಸಿದಾಗ ಕಂದು ಮಿಶ್ರಿತ ಕಪ್ಪು ಗುರುತು ಬಂತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಸ್ಟೀಲ್ ಉಲ್ಲನ್‌ನಿಂದ ನಾಲ್ಕು ಸಲ ಉಜ್ಜಿದಾಗ ಅರ್ಧಕ್ಕರ್ಧ ಹೋಯಿತು. ಉಜ್ಜದೆ ಬಿಟ್ಟ ಇನ್ನೊಂದು ಚಾಕುವಿನಲ್ಲಿ, ಮಳೆಗಾಲದ ಒಂದೇ ವಾರದಲ್ಲಿ, ಅಕ್ಷರಗಳ ಒಳಗೇ ಅಚ್ಚುಕಟ್ಟಾಗಿ ತುಕ್ಕು ಹಿಡಿದು ಹೆಸರು ಕಿತ್ತಳೆ ಬಣ್ಣದಲ್ಲಿ ಓದುವಂತಾಯಿತು. ಅದೇ ಯಂತ್ರದಲ್ಲಿ ಒರೆಗೆಂದು ಚರ್ಮ ಕತ್ತರಿಸಲು ಹೋದರೆ ಚರ್ಮ ಮುದುಡಿ ಮೇಲೆದ್ದಿತು, ಅಂಚು ಇದ್ದಿಲಾಯಿತು, ಮನೆಯಲ್ಲಿ ಮೂರು ದಿನ ಕೂದಲು ಸುಟ್ಟ ವಾಸನೆ. ಮನೆಯವರು ಯಂತ್ರವನ್ನು ದನದ ಕೊಟ್ಟಿಗೆಗೆ ಸಾಗಿಸಿದ್ದಾರೆ. ತಪ್ಪು ಯಂತ್ರದ್ದೋ ನನ್ನದೋ ತಿಳಿದವರು ತಿಳಿಸಬೇಕು.

ಪೀಣ್ಯದ ಗುರುತುಗಾರ

ಹಾಸನದವರೇ, ತಪ್ಪು ನಿಮ್ಮದೂ ಅಲ್ಲ, ಯಂತ್ರದ್ದೂ ಅಲ್ಲ; ಆ ಯಂತ್ರ ಉಕ್ಕನ್ನು ಕೊರೆಯುತ್ತದೆ ಎಂದು ನಂಬಿಸಿದವರದ್ದು. ನಾನು ಹನ್ನೊಂದು ವರ್ಷಗಳಿಂದ ಕಾರ್ಖಾನೆಯ ಬಿಡಿಭಾಗಗಳಿಗೆ, ಲೋಹವನ್ನೇ ಕೊರೆಯಬಲ್ಲ ಫೈಬರ್ ಲೇಸರ್‌ನಲ್ಲಿ ಸಂಖ್ಯೆ ಹಾಕುವ ಕೆಲಸ ಮಾಡುತ್ತಿದ್ದೇನೆ, ಮನೆಯಲ್ಲಿ ನಿಮ್ಮಂಥದ್ದೇ ಒಂದು ಡಯೋಡ್ ಯಂತ್ರವೂ ಇದೆ. ಎರಡಕ್ಕೂ ಇರುವ ವ್ಯತ್ಯಾಸ ವ್ಯಾಟಿನ ಲೆಕ್ಕದಲ್ಲಿ ಕಾಣುವುದಿಲ್ಲ.

ನಿಮ್ಮ ಡಯೋಡ್ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಎಡೆಬಿಡದೆ ಸುರಿಯುತ್ತದೆ. 10 ವ್ಯಾಟ್ ಎಂದರೆ ಪ್ರತಿ ಕ್ಷಣವೂ 10 ವ್ಯಾಟ್ ಮಾತ್ರ. ಫೈಬರ್ ಯಂತ್ರದ 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅದು ಮಿಡಿಯುತ್ತಾ ಬರುತ್ತದೆ. 20 ವ್ಯಾಟಿನ ಯಂತ್ರವೊಂದು ಸೆಕೆಂಡಿಗೆ 20,000 ಸಲ ಮಿಡಿಯುತ್ತದೆ ಎನ್ನಿ. ಆಗ ಒಂದು ಮಿಡಿತಕ್ಕೆ ಬರುವ ಶಕ್ತಿ 1 ಮಿಲಿಜೌಲ್. ಆ ಮಿಡಿತ 100 ನ್ಯಾನೋಸೆಕೆಂಡಿನಲ್ಲಿ ಮುಗಿದುಹೋಗುವುದರಿಂದ ಆ ಗಳಿಗೆಯ ಮಟ್ಟಿಗೆ ಅದು 10,000 ವ್ಯಾಟಿನ ಹೊಡೆತ. ಮೊಳೆಯನ್ನು ಹೆಬ್ಬೆರಳಿನಿಂದ ಒತ್ತುವುದಕ್ಕೂ ಸುತ್ತಿಗೆಯಿಂದ ಹೊಡೆಯುವುದಕ್ಕೂ ಇರುವ ಅಂತರ ಇದು. ಸುತ್ತಿಗೆಯ ಏಟಿಗೆ ಉಕ್ಕು ಆವಿಯಾಗಿ ಹಾರಿಹೋಗಿ ಗುಳಿ ಬೀಳುತ್ತದೆ. ಹೆಬ್ಬೆರಳಿನ ಒತ್ತಡಕ್ಕೆ ಮೇಲ್ಮೈ ಬಿಸಿಯಾಗಿ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಣ್ಣದ ಪೊರೆ ಕಟ್ಟುತ್ತದೆ, ಅಷ್ಟೆ. ನೀವು ಸ್ಟೀಲ್ ಉಲ್ಲನ್‌ನಲ್ಲಿ ಉಜ್ಜಿ ತೆಗೆದದ್ದು ಆ ಪೊರೆಯನ್ನು.

ತುಕ್ಕಿನ ಕಾರಣವೂ ಅಲ್ಲೇ ಇದೆ. ಕಮಾನ್ ಪ್ಲೇಟಿನ ಉಕ್ಕು ಹೇಗೂ ತುಕ್ಕು ಹಿಡಿಯುವಂಥದ್ದು. ಹೊಳಪು ಕೊಟ್ಟ ಕಡೆ ನೀರು ನಿಲ್ಲುವುದಿಲ್ಲ, ಲೇಸರ್ ತಾಗಿದ ಕಡೆ ಮೇಲ್ಮೈ ಒರಟಾಗಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಸ್ಟೇನ್‌ಲೆಸ್ ಉಕ್ಕಿಗೂ ಈ ಕಾಟ ತಪ್ಪಿದ್ದಲ್ಲ ಎಂಬುದನ್ನು ಬಹಳ ಜನ ತಿಳಿದಿಲ್ಲ. ಸ್ಟೇನ್‌ಲೆಸ್‌ಗೆ ರಕ್ಷೆ ಕೊಡುವುದು ಅದರ ಕ್ರೋಮಿಯಂ ಕಟ್ಟಿಕೊಳ್ಳುವ ತೆಳು ಪೊರೆ. ಲೇಸರ್‌ನಿಂದ ಸುಟ್ಟಾಗ ಕ್ರೋಮಿಯಂ ಆ ಕಪ್ಪು ಪದರಕ್ಕೆ ಸೇರಿಹೋಗಿ, ಅದರ ಕೆಳಗಿನ ಉಕ್ಕು ಕ್ರೋಮಿಯಂ ಕಡಿಮೆಯಾಗಿ ಬಡವಾಗುತ್ತದೆ. ನಾಲ್ಕು ತಿಂಗಳ ನಂತರ ಗಿರಾಕಿ ಬಂದು "ಸ್ಟೇನ್‌ಲೆಸ್ ಎಂದಿರಲ್ಲ, ನಿಮ್ಮ ಹೆಸರಿಗೇ ತುಕ್ಕು ಹಿಡಿದಿದೆಯಲ್ಲ" ಎನ್ನುತ್ತಾರೆ. ಆ ಮಾತನ್ನು ನಾನು ಕೇಳಿಸಿಕೊಂಡಿದ್ದೇನೆ.

ಕುಲುಮೆ, ಹಾಸನ

ವಿವರಕ್ಕೆ ಧನ್ಯವಾದ ಸರ್. ಇನ್ನೊಂದು ಅನುಮಾನ. ನಾನು ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ ಅದರ ಪೆಡಸು ಇಳಿಸಲು 200 ಡಿಗ್ರಿಯಲ್ಲಿ ಎರಡೆರಡು ಗಂಟೆ ಎರಡು ಸಲ ಓವನ್‌ನಲ್ಲಿ ಇಡುತ್ತೇನೆ. ಲೇಸರ್ ಅಷ್ಟು ಕಾಯಿಸುವುದಾದರೆ ಆ ಹದ ಕೆಡುವುದಿಲ್ಲವೇ? ನಮ್ಮೂರಿನ ಹಿರಿಯ ಕಮ್ಮಾರರೊಬ್ಬರು ಯಂತ್ರವನ್ನು ನೋಡಿ ಕೇಳಿದ ಮೊದಲ ಪ್ರಶ್ನೆಯೇ ಇದು.

ಪೀಣ್ಯದ ಗುರುತುಗಾರ

ಹಿರಿಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಿಮ್ಮ ಉಕ್ಕಿಗೆ 200 ಡಿಗ್ರಿ ದಾಟಿದ ಶಾಖವೆಲ್ಲ ಹದವನ್ನು ಇಳಿಸುತ್ತಾ ಹೋಗುವ ಶಾಖವೇ. ಉಜ್ಜಿದ ಉಕ್ಕು 230ರ ಸುಮಾರಿಗೆ ಹುಲ್ಲಿನ ಹಳದಿಗೆ ತಿರುಗುತ್ತದೆ, 300 ಆಗುವ ಹೊತ್ತಿಗೆ ನೀಲಿಯಾಗುತ್ತದೆ. ಆದರೆ ಲೇಸರ್ ಬಿಂದುವಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದು ಓಡುತ್ತಲೂ ಇರುತ್ತದೆ. ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಅಲಗು ಆ ಬಿಸಿಯನ್ನು ಆಗಿಂದಾಗಲೇ ಒಳಕ್ಕೆ ಎಳೆದುಕೊಳ್ಳುವುದರಿಂದ ಹದ ಕೆಡುವುದು ತೀರಾ ಮೇಲಿನ ಪದರದಲ್ಲಿ ಮಾತ್ರ. ಕತ್ತರಿಸುವ ಬಾಯಿಗೆ ಅದರಿಂದ ಏನೂ ಆಗುವುದಿಲ್ಲ. ಒಂದು ಹೆಸರು ಬರೆದು ಮುಗಿಸಿದ ಕೂಡಲೇ ಅಲಗನ್ನು ಬರಿಗೈಯಲ್ಲಿ ಮುಟ್ಟಿ ನೋಡಿ, ಉಗುರು ಬೆಚ್ಚಗಿರುತ್ತದೆ.

ಎಚ್ಚರ ಬೇಕಾದದ್ದು ಎರಡು ಕಡೆ. ಅಂಗೈಯಗಲದ ಚಿತ್ರವನ್ನು ಒತ್ತೊತ್ತಾಗಿ ತುಂಬಿಸುವಾಗ ಬಿಸಿ ಕೂಡುತ್ತಾ ಹೋಗುತ್ತದೆ. ಬಾಯಿಯ ಹತ್ತಿರ ಉಕ್ಕು ತೆಳುವಾಗಿರುವುದರಿಂದ ಅಲ್ಲಿ ಬಿಸಿಗೆ ಹೋಗಲು ಜಾಗವಿರುವುದಿಲ್ಲ. ನಾನು ಗುರುತನ್ನು ಯಾವಾಗಲೂ ಹಿಡಿಯ ಪಕ್ಕದ ಚಪ್ಪಟೆ ಭಾಗದಲ್ಲಿ, ಬೆನ್ನಿನ ಕಡೆಗೆ, ಬಾಯಿಯಿಂದ ಕನಿಷ್ಠ 10 ಮಿಲಿಮೀಟರ್ ಬಿಟ್ಟು ಹಾಕುತ್ತೇನೆ. ಫೈಬರ್‌ನಲ್ಲಿ ಆಳವಾಗಿ ಕೊರೆಸುವವರು ಅಲಗಿಗೆ ಅಡ್ಡಲಾಗಿ ಚೂಪು ಗೆರೆ ಎಳೆಸಬೇಡಿ. ಬಾಗಿದಾಗ ಬಿರುಕು ಹುಟ್ಟುವುದು ಅಂಥ ಗೆರೆಯ ಬುಡದಿಂದ.

ಹೊರನಾಡಿನ ಗ್ಯಾರೇಜು

ನಾನು ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹುಟ್ಟೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ನನ್ನ ಬಳಿ ಇರುವುದು ಕೆ40 ಎಂದು ಕರೆಯುವ, ನೀರಿನಿಂದ ತಂಪು ಮಾಡಬೇಕಾದ ಗಾಜಿನ ಕೊಳವೆಯ ಇಂಗಾಲದ ಡೈಆಕ್ಸೈಡ್ ಲೇಸರ್. ಅದರ ಬೆಳಕು 10,600 ನ್ಯಾನೋಮೀಟರ್, ಬರಿಯ ಉಕ್ಕು ಅದನ್ನು ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ಅಲಗಿನ ಮೇಲೆ ಮಾಲಿಬ್ಡಿನಮ್ ಇರುವ ಗುರುತಿನ ಸ್ಪ್ರೇ ಹೊಡೆದು, ಒಣಗಿಸಿ, ಅದರ ಮೇಲೆ ಲೇಸರ್ ಓಡಿಸುತ್ತೇನೆ. ಬಿಸಿಗೆ ಆ ಪುಡಿ ಉಕ್ಕಿಗೆ ಬೆಸೆದುಕೊಳ್ಳುತ್ತದೆ. ಉಳಿದದ್ದನ್ನು ನೀರಿನಲ್ಲಿ ತೊಳೆದರೆ ಅಚ್ಚ ಕಪ್ಪು ಅಕ್ಷರ ಉಳಿಯುತ್ತದೆ, ಉಗುರಿನಲ್ಲಿ ಕೆರೆದರೆ ಬರುವುದಿಲ್ಲ. ಇದಕ್ಕೆಂದೇ ಮಾರುವ ಸರ್ಮಾರ್ಕ್‌ನಂಥ ಸ್ಪ್ರೇ ದುಬಾರಿ. ಯಂತ್ರಗಳಿಗೆ ಹಾಕುವ ಒಣ ಮಾಲಿಬ್ಡಿನಮ್ ಡೈಸಲ್ಫೈಡ್ ಸ್ಪ್ರೇಯೂ ಕೆಲಸಕ್ಕೆ ಬರುತ್ತದೆ. ಹಾಸನದವರ ಡಯೋಡ್‌ನಲ್ಲೂ ಇದು ಸಾಧ್ಯ, ಆದರೆ ನಿಧಾನವಾಗಿ ಓಡಿಸಬೇಕು.

ಚರ್ಮ ಕತ್ತರಿಸುವುದರಲ್ಲಿ ಮಾತ್ರ ಕೆ40 ಮುಂದೆ ಡಯೋಡ್ ನಿಲ್ಲುವುದಿಲ್ಲ. 3 ಮಿಲಿಮೀಟರ್ ಚರ್ಮವನ್ನು ಒಂದೇ ಓಟದಲ್ಲಿ, ಕಡಿಮೆ ಇದ್ದಿಲಿನೊಂದಿಗೆ ಕತ್ತರಿಸುತ್ತದೆ. ಆದರೆ ಚಳಿಗಾಲದಲ್ಲಿ ಇಲ್ಲಿನ ಗ್ಯಾರೇಜಿನಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆದುಕೊಂಡವನು ನಾನು, ಹಾಗಾಗಿ ಹೆಚ್ಚು ಹೊಗಳುವುದಿಲ್ಲ.

ದಾರ ಮತ್ತು ರಂಪಿಗೆ, ಬೆಳಗಾವಿ

ಅಲಗಿನ ವಿಷಯ ಬಲ್ಲವರು ಹೇಳುತ್ತಿದ್ದಾರೆ. ನಾನು ಚರ್ಮದ ಬಗ್ಗೆ ಬರೆಯುತ್ತೇನೆ. ನಮ್ಮ ತಾಯಿಯ ತವರು ಅಥಣಿ ತಾಲ್ಲೂಕು, ಮನೆಯಲ್ಲಿ ಮೂರು ತಲೆಮಾರು ಚಪ್ಪಲಿ ಹೊಲಿದವರು. ನಾನು ಈಗ ಪರ್ಸು, ಬೆಲ್ಟು, ಕತ್ತಿಯ ಒರೆ ಮಾಡುತ್ತೇನೆ. ಒಂದು ಲೇಸರ್ ಯಂತ್ರವೂ ಇದೆ, ಚರ್ಮ ಕತ್ತರಿಸುವ ರಂಪಿಗೆಯೂ ಇದೆ. ಯಾವುದಕ್ಕೆ ಯಾವುದು ಎಂಬ ಜಗಳ ದಿನಾ ನಡೆಯುತ್ತದೆ.

ಹಾಸನದ ತಮ್ಮ ಮೊದಲು ತಿಳಿಸಬೇಕಾಗಿದ್ದ ಸಂಗತಿ, ಅದು ಯಾವ ಚರ್ಮ ಎಂಬುದು. ಉಕ್ಕಿಗೆ ಹದ ಇರುವಂತೆ ಚರ್ಮಕ್ಕೂ ಹದ ಇದೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ತಂಗಡಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ ಒಂದು ಬಗೆ. ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಇಂಥದ್ದೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು ಇನ್ನೊಂದು ಬಗೆ. ಅದು ಮೆತ್ತಗೆ, ಬೇಗ ತಯಾರಾಗುತ್ತದೆ, ಪೇಟೆಯಲ್ಲಿ ಸಿಗುವ ಬಹುಪಾಲು ಚರ್ಮ ಅದೇ. ಮೂರನೆಯದು ಚರ್ಮವೇ ಅಲ್ಲದ ರೆಕ್ಸಿನ್.

ರೆಕ್ಸಿನ್ ಅನ್ನು ಲೇಸರ್ ಕೆಳಗೆ ಇಡಲೇಬೇಡಿ. ಅದರಲ್ಲಿ ಕ್ಲೋರಿನ್ ಇರುವ ಪಿವಿಸಿ ಪ್ಲಾಸ್ಟಿಕ್ ಇದ್ದರೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ಅದು ಶ್ವಾಸಕೋಶವನ್ನೂ ತಿನ್ನುತ್ತದೆ, ಯಂತ್ರದ ಕಂಬಿಯನ್ನೂ ತಿನ್ನುತ್ತದೆ. ಸಂಶಯವಿದ್ದರೆ ಒಂದು ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಉರಿಯಲ್ಲಿ ಜ್ವಾಲೆಯ ಹಸಿರು ಬಣ್ಣ ಪೂರ್ತಿ ಹೋಗುವವರೆಗೆ ಕಾಯಿಸಿ, ಆ ಬಿಸಿ ತಂತಿಯನ್ನು ರೆಕ್ಸಿನ್ ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಪಚ್ಚೆ ಹಸಿರಾದರೆ ಕ್ಲೋರಿನ್ ಇದೆ ಎಂದೇ ತಿಳಿಯಿರಿ. ಕಿಟಕಿ ತೆರೆದು, ಕಡಲೆ ಗಾತ್ರದ ಚೂರಿನಲ್ಲಿ ಮಾತ್ರ ಈ ಪರೀಕ್ಷೆ ಮಾಡಿ.

ಕ್ರೋಮ್ ಹದದ ಚರ್ಮವನ್ನೂ ನಾನು ಸುಡುವುದಿಲ್ಲ. ಚರ್ಮದಲ್ಲಿರುವಾಗ ತೊಂದರೆ ಕೊಡದ ಕ್ರೋಮಿಯಂ, ಸುಟ್ಟಾಗ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗಬಹುದು, ಅದು ಹೊಗೆಯಲ್ಲೂ ಬೂದಿಯಲ್ಲೂ ಇರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ತುಂಡು ಕತ್ತರಿಸಿ ಅಂಚನ್ನು ನೋಡಿದರೆ, ಬಣ್ಣ ಒಳಗಿನವರೆಗೆ ಇಳಿಯದಿದ್ದಲ್ಲಿ, ಕ್ರೋಮ್ ಚರ್ಮದ ನಡು ಪದರ ನೀಲಿ ಬೂದು ಬಣ್ಣಕ್ಕಿರುತ್ತದೆ. ತೊಗಟೆ ಹದದ ಚರ್ಮದ್ದು ಬೆಲ್ಲದ ಬಣ್ಣ. ಬಣ್ಣ ಹಚ್ಚದ ತೊಗಟೆ ಹದದ ಚರ್ಮದ ಮೇಲೆ ಒಂದು ಹನಿ ನೀರು ಬಿದ್ದರೆ ಕ್ಷಣದಲ್ಲಿ ಹೀರಿಕೊಂಡು ಅಷ್ಟಗಲ ಕಪ್ಪಾಗುತ್ತದೆ. ಮುದುಡಿತು ಎಂದಿರಲ್ಲ, ತೆಳು ಕ್ರೋಮ್ ಚರ್ಮ ತಂದಿರಬಹುದೆಂದು ನನ್ನ ಊಹೆ.

ಇನ್ನು ಕತ್ತರಿಸುವ ಕ್ರಮ. 2 ಮಿಲಿಮೀಟರ್ ತೊಗಟೆ ಹದದ ಚರ್ಮಕ್ಕೆ ನನ್ನ 10 ವ್ಯಾಟ್ ಯಂತ್ರದಲ್ಲಿ ನಿಮಿಷಕ್ಕೆ 400 ಮಿಲಿಮೀಟರ್ ವೇಗ, ನೂರಕ್ಕೆ 80 ಶಕ್ತಿ, ಮೂರು ಓಟ. ಒಂದೇ ಓಟದಲ್ಲಿ ಮುಗಿಸಲು ವೇಗ ತಗ್ಗಿಸಿದರೆ ಇದ್ದಿಲು ಹೆಚ್ಚಾಗುತ್ತದೆ. ಚರ್ಮದ ಎರಡೂ ಮುಖಕ್ಕೆ ಕಾಗದದ ಟೇಪು ಅಂಟಿಸಿ, ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿ ಯಂತ್ರದ ಕೆಳಗಿಡುವ ಜೇನುಗೂಡಿನಂಥ ತೂತುಗಳ ಹಲಗೆಗೆ ಬಿಗಿದರೆ ಮುದುಡುವುದಿಲ್ಲ. ಗಾಳಿ ಊದುವ ಕೊಳವೆ ಇರಲೇಬೇಕು. ಮೀನಿನ ತೊಟ್ಟಿಯ ಪುಟ್ಟ ಪಂಪು ಸಾಲದು, ನಾನು ಹಾಗೆ ಉಳಿತಾಯ ಮಾಡಲು ಹೋಗಿ ಒಂದು ಚರ್ಮಕ್ಕೆ ಕೆಂಡ ಹತ್ತಿಸಿದ್ದೇನೆ. ಚೆಲುವಾದ ಮುಖ ಕೆಳಗೆ, ಒಳಮುಖ ಮೇಲೆ ಇಟ್ಟು ಕತ್ತರಿಸಿದರೆ ಮಸಿಯೆಲ್ಲ ಒಳಮುಖಕ್ಕೇ ಕೂರುತ್ತದೆ. ಹಾಗೆ ಮಾಡುವಾಗ ನಕ್ಷೆಯನ್ನು ಕನ್ನಡಿ ಬಿಂಬದಂತೆ ತಿರುಗಿಸಿಕೊಳ್ಳಬೇಕು. ಆಮೇಲೆ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮರಳು ಕಾಗದದಲ್ಲಿ ಮೆಲ್ಲಗೆ ತೀಡಿ, ಜೇನುಮೇಣ ಹಚ್ಚಿ ಮರದ ಕೋಲಿನಲ್ಲಿ ಉಜ್ಜಿದರೆ ಕಪ್ಪು ಅಂಚೇ ಒಂದು ಅಲಂಕಾರ.

ಹೊಲಿಗೆ ತೂತುಗಳನ್ನು ಲೇಸರ್‌ನಲ್ಲಿ ಕೊರೆಯಬಹುದು, ಆದರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ತೂತಿನ ಗೋಡೆಯ ಇದ್ದಿಲು ಬಿಳಿ ದಾರವನ್ನು ಮೊದಲ ಎಳೆತಕ್ಕೇ ಕಪ್ಪು ಮಾಡುತ್ತದೆ. ದುಂಡು ತೂತಿನಲ್ಲಿ ಹೊಲಿಗೆ ಓರೆಯಾಗಿ ಕೂರುವುದೂ ಇಲ್ಲ. ಲೇಸರ್‌ನಿಂದ 4 ಮಿಲಿಮೀಟರ್‌ಗೊಂದರಂತೆ ತೆಳುವಾಗಿ ಚುಕ್ಕೆ ಮಾತ್ರ ಇಡಿಸಿ, ಆರಿಯಿಂದ ಕೈಯಲ್ಲೇ ಚುಚ್ಚುತ್ತೇನೆ. ಸಾಲು ನೇರವಾಗಿರುತ್ತದೆ, ತೂತು ಬಿಗಿಯಾಗಿರುತ್ತದೆ.

ಕೊನೆಗೊಂದು ಮಾತು. ಚಾಕುವನ್ನು ಒರೆಯಲ್ಲೇ ಇಟ್ಟು ಮಳೆಗಾಲ ಕಳೆಯಬೇಡಿ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು; ತೇವದ ಒರೆಯೊಳಗೆ ನಿಮ್ಮ ಅಲಗು ಅದೇ ಮಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಉಪ್ಪುನೀರು, ಮೈಸೂರು

ಬೆಳಗಾವಿಯ ಅಕ್ಕನವರ ಬರಹ ಓದಿ ಸಂತೋಷವಾಯಿತು. ನಾನು ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪೀಣ್ಯದವರು ಹೇಳಿದಂತೆ ಡಯೋಡ್‌ಗೆ ಉಕ್ಕನ್ನು ಕೊರೆಯುವ ಶಕ್ತಿಯಿಲ್ಲ, ಆದರೆ ಬಣ್ಣವನ್ನು ಸುಟ್ಟು ತೆಗೆಯುವ ಶಕ್ತಿ ಧಾರಾಳವಾಗಿದೆ. ಹಾಗಿರುವಾಗ ಕೊರೆಯುವ ಕೆಲಸವನ್ನು ಉಪ್ಪುನೀರಿಗೂ ವಿದ್ಯುತ್ತಿಗೂ ವಹಿಸಿ, ಲೇಸರ್‌ಗೆ ಬರೆಯುವ ಕೆಲಸವನ್ನಷ್ಟೇ ಕೊಟ್ಟರೆ ಹೇಗೆ?

ಅಲಗನ್ನು ಸ್ಪಿರಿಟ್ಟಿನಿಂದ ಜಿಡ್ಡಿಲ್ಲದಂತೆ ಒರೆಸಿ, ಗುರುತು ಬೇಕಾದ ಕಡೆ ಕಪ್ಪು ನೇಲ್ ಪಾಲಿಶ್ ತೆಳುವಾಗಿ ಎರಡು ಸಲ ಹಚ್ಚಿ ಪೂರ್ತಿ ಒಣಗಿಸಿ. ಬಣ್ಣವಿಲ್ಲದ ಪಾಲಿಶ್ ಕೂಡದು, ನೀಲಿ ಬೆಳಕು ಅದರ ಮೂಲಕ ಹಾದುಹೋಗುತ್ತದೆ. ಕಪ್ಪು ಅಥವಾ ಕಡುಗೆಂಪು ಆ ಬೆಳಕನ್ನು ಹೀರುತ್ತದೆ. ಲೇಸರ್‌ನಿಂದ ಅಕ್ಷರದ ಭಾಗವನ್ನು ಸುಟ್ಟು ತೆಗೆದ ಮೇಲೆ, ಕಣ್ಣಿಗೆ ಸುಲಭವಾಗಿ ಕಾಣದ ಒಂದು ತೆಳು ಕಂದು ಪೊರೆ ಉಳಿದಿರುತ್ತದೆ. ಕಡಿಮೆ ಶಕ್ತಿಯಲ್ಲಿ ಇನ್ನೊಂದು ಓಟ ಓಡಿಸಿ, ನೀರಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ ಅದನ್ನು ತೆಗೆಯದಿದ್ದರೆ ಮುಂದಿನ ಕೆಲಸ ತೇಪೆ ತೇಪೆಯಾಗಿ ಬರುತ್ತದೆ.

ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು. ಹಳೆಯ 9 ಅಥವಾ 12 ವೋಲ್ಟಿನ ಅಡಾಪ್ಟರಿನ ಧನ ತಂತಿಯನ್ನು ಅಲಗಿಗೆ ಸಿಕ್ಕಿಸಿ, ಋಣ ತಂತಿಯ ತುದಿಗೆ ಹತ್ತಿ ಸುತ್ತಿ ಉಪ್ಪುನೀರಿನಲ್ಲಿ ಅದ್ದಿ, ಅಕ್ಷರದ ಮೇಲೆ ಐದಾರು ಸೆಕೆಂಡು ಒತ್ತಿ ತೆಗೆಯಿರಿ. ಚುರುಚುರು ಎನ್ನುತ್ತದೆ, ನೊರೆ ಬರುತ್ತದೆ, ಹತ್ತಿ ಕಂದು ಹಸಿರಾಗುತ್ತದೆ. ಹತ್ತಿ ಬದಲಿಸುತ್ತಾ ಹತ್ತು ಹದಿನೈದು ಸಲ ಮಾಡಿದರೆ ಉಗುರಿಗೆ ತಾಗುವಷ್ಟು ಆಳ ಸಿಗುತ್ತದೆ. ಏಕಮುಖ ವಿದ್ಯುತ್ತು ಉಕ್ಕನ್ನು ಕರಗಿಸಿ ಆಳ ಕೊಡುತ್ತದೆ. ಕೊನೆಯಲ್ಲಿ ಅಷ್ಟೇ ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಬರುವ ಪರ್ಯಾಯ ವಿದ್ಯುತ್ತನ್ನು ಕೆಲವು ಸೆಕೆಂಡು ಕೊಟ್ಟರೆ ಆ ಗುಳಿಯ ತಳ ಕಪ್ಪಾಗುತ್ತದೆ. ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಇದಕ್ಕೆ ತರುವ ಸಾಹಸವನ್ನು ಯಾರೂ ಮಾಡಬಾರದು. ಮುಗಿದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಸ್ಟೇನ್‌ಲೆಸ್ ಅಲಗಾದರೆ ಅದರ ಕ್ರೋಮಿಯಂ ಕೂಡ ಆ ನೀರಿಗೆ ಇಳಿಯುತ್ತದೆ. ಕೈಗವಸು ಹಾಕಿ, ಗಾಳಿ ಆಡುವ ಕಡೆ ಮಾಡಿ, ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ.

ಕೆಲವರು ವಿನೈಲ್ ಸ್ಟಿಕ್ಕರನ್ನೇ ಲೇಸರ್‌ನಲ್ಲಿ ಕತ್ತರಿಸಿ ಅಚ್ಚು ಮಾಡಿಕೊಳ್ಳಲು ಹೋಗುತ್ತಾರೆ. ಅದು ಕೂಡ ಪಿವಿಸಿ. ಮೇಲೆ ಅಕ್ಕನವರು ರೆಕ್ಸಿನ್ ಬಗ್ಗೆ ಹೇಳಿದ್ದು ಇದಕ್ಕೂ ಅನ್ವಯ.

ಒತ್ತಕ್ಷರ, ಧಾರವಾಡ

ಮೈಸೂರಿನ ಮೇಷ್ಟ್ರು ಹೇಳಿದ ಕ್ರಮ ಕನ್ನಡ ಅಕ್ಷರಕ್ಕೆ ವಿಶೇಷವಾಗಿ ಒಪ್ಪುತ್ತದೆ, ಕಾರಣ ಇಷ್ಟು: ನಮ್ಮ ಲಿಪಿಯ ತುಂಬ ದುಂಡು ಹೊಟ್ಟೆಗಳು. ಸ್ಟಿಕ್ಕರ್ ಕತ್ತರಿಸಿ ಅಚ್ಚು ಮಾಡಿದರೆ ಠ, ರ ಇಂಥವುಗಳ ಒಳಗಿನ ದ್ವೀಪ ಉದುರಿಹೋಗುತ್ತದೆ. ಅದನ್ನು ಚಿಮುಟದಲ್ಲಿ ಹಿಡಿದು ಮತ್ತೆ ಕೂರಿಸಬೇಕು. ಬಣ್ಣ ಹಚ್ಚಿ ಸುಡುವಾಗ ದ್ವೀಪ ಇದ್ದಲ್ಲೇ ಅಂಟಿಕೊಂಡಿರುತ್ತದೆ.

ಅಕ್ಷರ ಸಿದ್ಧಪಡಿಸುವಾಗ ನಾನು ಲೇಸರ್ ತಂತ್ರಾಂಶದಲ್ಲಿ ನೇರವಾಗಿ ಕನ್ನಡ ಟೈಪ್ ಮಾಡುವುದಿಲ್ಲ. ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಅಕ್ಷರದಲ್ಲಿ ಬರೆದು, ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂತಿವೆಯೇ ನೋಡಿ, ಪಠ್ಯವನ್ನು ಪಾಥ್ (ಬರಿಯ ಗೆರೆಗಳ ಚಿತ್ರ) ಆಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ, ಅದನ್ನು ಲೇಸರ್ ನಡೆಸುವ ತಂತ್ರಾಂಶಗಳಾದ ಲೈಟ್‌ಬರ್ನ್‌ಗೋ ಲೇಸರ್‌ಜಿಆರ್‌ಬಿಎಲ್‌ಗೋ ಕೊಡುತ್ತೇನೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಗಿರಾಕಿಗಳಿದ್ದಾರೆ. ಅದು ನಮ್ಮ ಕಡೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿರುತ್ತದೆ. ಹೆಸರನ್ನು ಕಾಗದದ ಮೇಲೆ ಬರೆಸಿ ಫೋಟೊ ತರಿಸಿಕೊಳ್ಳುವುದೇ ಕ್ಷೇಮ.

ಗಾತ್ರದ ವಿಷಯದಲ್ಲಿ ಜಿಪುಣತನ ಬೇಡ. ಲೇಸರ್ ಗೆರೆಯೇ 0.1 ಮಿಲಿಮೀಟರ್, ಉಪ್ಪುನೀರು ಬಣ್ಣದ ಅಡಿಗೆ ನುಸುಳಿ ಅದನ್ನು ಇನ್ನಷ್ಟು ಅಗಲ ಮಾಡುತ್ತದೆ. 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಥ ಒಳಗಿನ ಚುಕ್ಕೆ ಗೋಡೆಗೆ ಅಂಟಿಕೊಂಡು "ಮಂಜುನಾಥ" ಎಂಬುದು "ಮಂಜುನಾಧ" ಆದದ್ದನ್ನು ಕಂಡಿದ್ದೇನೆ. ತೆಳು ಗೆರೆಯ ಅಕ್ಷರ ಆರಿಸಿ, ಒತ್ತು ಬಿಟ್ಟು ಅಕ್ಷರದ ಎತ್ತರ ಕನಿಷ್ಠ 5 ಮಿಲಿಮೀಟರ್ ಇರಲಿ.

ಬೆಟ್ಟದ ಮನೆ, ಮಡಿಕೇರಿ

ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಅಜ್ಜನ ಕಾಲದ ಒಂದು ಒಡಿಕತ್ತಿ (ಕೊಡವರ ಸಾಂಪ್ರದಾಯಿಕ ಕತ್ತಿ) ಇದೆ. ಸೆಪ್ಟೆಂಬರಿನ ಆಯುಧ ಹಬ್ಬವಾದ ಕೈಲ್‌ಪೊಳ್ದ್ ಹೊತ್ತಿಗೆ ಅದರ ಅಲಗಿನ ಮೇಲೆ ಒಕ್ಕದ (ಮನೆತನದ) ಹೆಸರನ್ನು ಹಾಕಿಸಬೇಕೆಂದು ಮನೆಯ ಕಿರಿಯರು ಹಟ ಹಿಡಿದಿದ್ದಾರೆ. ಫೈಬರ್ ಲೇಸರ್‌ನಲ್ಲಿ ಹಾಕಿಸಬಹುದೇ? ಅಲಗಿನ ಮೇಲೆ ಅಲ್ಲಲ್ಲಿ ಹಳೆಯ ಗುಳಿಗಳಿವೆ.

ಪೀಣ್ಯದ ಗುರುತುಗಾರ

ಹಾಕಿಸಬಹುದು, ಆದರೆ ನನ್ನ ಬಳಿಗೆ ತಂದರೆ ನಾನು ಹಾಕಿಕೊಡುವುದಿಲ್ಲ. ಫೈಬರ್‌ನಲ್ಲಿ ಬಿದ್ದ ಗುರುತನ್ನು ಹಿಂದಕ್ಕೆ ತೆಗೆಯಲು ಅಲಗನ್ನೇ ಸವೆಸಬೇಕಾಗುತ್ತದೆ. ಒಂದು ಹಿತ್ತಾಳೆ ತಗಡಿನ ಮೇಲೆ ಹೆಸರು ಕೊರೆಸಿ, ಕತ್ತಿಯನ್ನು ತೂಗುಹಾಕುವ ಹಲಗೆಗೆ ಹೊಡೆಯಿರಿ. ಹಾಸನದವರ ಯಂತ್ರಕ್ಕೆ ಹಿತ್ತಾಳೆ ಬಗ್ಗುವುದಿಲ್ಲ, ಫೈಬರ್‌ಗೆ ಅದು ಐದು ನಿಮಿಷದ ಕೆಲಸ.

ಇಷ್ಟು ಹೊತ್ತು ಯಾರೂ ಎತ್ತದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಳಪು ಕೊಟ್ಟ ಅಲಗು ಕನ್ನಡಿ. ಮರ, ಚರ್ಮಗಳ ಮೇಲೆ ಬೆಳಕು ಚದುರುತ್ತದೆ, ಅಲಗಿನ ಮೇಲೆ ಅದು ಹಾಗೆಯೇ ತಿರುಗಿ ಬರುತ್ತದೆ. ಅದರಲ್ಲೂ ಅಲಗಿನ ಇಳಿಜಾರಿಗೆ ಬಿಂದು ತಾಗಿದರೆ ಅದು ಯಂತ್ರದ ಪಕ್ಕದಿಂದ ಹೊರಗೆ ಚಿಮ್ಮುತ್ತದೆ. ಮೊದಲ ವರ್ಷ ನಾನು ಮುಚ್ಚಳವಿಲ್ಲದ ಡಯೋಡ್ ಯಂತ್ರದಲ್ಲಿ ಚಾಕು ಇಟ್ಟಾಗ, ಎದುರಿನ ಗೋಡೆಯ ಕ್ಯಾಲೆಂಡರಿನ ಮೇಲೆ ನೀಲಿ ಚುಕ್ಕೆ ಓಡಾಡುತ್ತಿತ್ತು. ಆ ಕ್ಯಾಲೆಂಡರಿನ ಎತ್ತರಕ್ಕೆ ನನ್ನ ಮಗಳ ಮುಖ ಬರುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಸುಮಾರು ಕಾಲು ಸೆಕೆಂಡು ಬೇಕು. ಈ ಶಕ್ತಿಯ ಬೆಳಕಿಗೆ ಅಷ್ಟು ಹೊತ್ತು ಬೇಕಿಲ್ಲ. ಇವು ನಾಲ್ಕನೇ ವರ್ಗದ, ಅಂದರೆ ಅತಿ ಅಪಾಯದ ವರ್ಗದ ಲೇಸರ್‌ಗಳು.

ಅಂದೇ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಹಿಂದಿನಿಂದ ಹೊಗೆ ಎಳೆಯುವ ಫ್ಯಾನು ಕೂರಿಸಿದೆ. ಕನ್ನಡಕದ ಮೇಲೆ ಯಾವ ತರಂಗಾಂತರಕ್ಕೆ ಎಷ್ಟು ತಡೆ ಎಂದು ಅಚ್ಚಾಗಿರಬೇಕು. ನೀಲಿ ಡಯೋಡ್‌ಗೆ ಹಾಕುವ ಕಿತ್ತಳೆ ಕನ್ನಡಕ 1064 ನ್ಯಾನೋಮೀಟರಿನ ಫೈಬರ್‌ಗೆ ಉಪಯೋಗವಿಲ್ಲ. ನೀಲಿ ಡಯೋಡ್ ಜೊತೆಗೆ 2 ವ್ಯಾಟಿನ 1064 ಲೇಸರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವ ಹವ್ಯಾಸಿ ಯಂತ್ರಗಳು ಈಗ ಬಂದಿವೆ. ಕೊಂಡವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಉಪ್ಪುನೀರು, ಮೈಸೂರು

ಹಿಡಿ ಕೂರಿಸಿದ ಚಾಕುವನ್ನು ಮಟ್ಟವಾಗಿ ಇಡುವುದು ಹೇಗೆಂದು ಖಾಸಗಿಯಾಗಿ ಇಬ್ಬರು ಕೇಳಿದ್ದಾರೆ. ತಟ್ಟೆಯೊಂದರಲ್ಲಿ ಎರಡು ಬೆರಳು ಅಕ್ಕಿ ಹರಡಿ, ಅಲಗನ್ನು ಅದರಲ್ಲಿ ಅದುಮಿ, ಚಪ್ಪಟೆ ಭಾಗದ ಮೇಲೆ ರಸಮಟ್ಟ ಇಟ್ಟು ಸರಿಪಡಿಸಿ. ಲೇಸರ್ ಬೆಳಕು ಕೂಡುವ ಬಿಂದುವಿನಿಂದ ಅಲಗು ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಗೆರೆ ದಪ್ಪವಾಗುತ್ತದೆ. ಜಾಗ ಗುರುತಿಸಲು ಅಲಗಿನ ಮೇಲೆ ಕಾಗದದ ಟೇಪು ಅಂಟಿಸಿ, ತೀರಾ ಕಡಿಮೆ ಶಕ್ತಿಯಲ್ಲಿ ಚೌಕಟ್ಟು ಮಾತ್ರ ಎಳೆಸಿ ನೋಡಿಕೊಂಡರೆ ಹೆಸರು ಓರೆಯಾಗುವುದಿಲ್ಲ.

ಕುಲುಮೆ, ಹಾಸನ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಯಂತ್ರ ಇನ್ನೂ ಕೊಟ್ಟಿಗೆಯಲ್ಲೇ ಇದೆ, ಆದರೆ ಈಗ ಕಪ್ಪು ಬಳಿದ ಪೆಟ್ಟಿಗೆಯ ಒಳಗೆ. ಕಪ್ಪು ನೇಲ್ ಪಾಲಿಶ್ ಕೊಳ್ಳಲು ಫ್ಯಾನ್ಸಿ ಅಂಗಡಿಗೆ ಹೋದಾಗ ಅಂಗಡಿಯ ಹುಡುಗಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಮೊದಲನೆಯ ಅಲಗಿನಲ್ಲಿ ಕಂದು ಪೊರೆ ತಿಕ್ಕುವುದನ್ನು ಬಿಟ್ಟದ್ದರಿಂದ ಅರ್ಧ ಅಕ್ಷರ ಮಾತ್ರ ಇಳಿಯಿತು. ಎರಡನೆಯದರಲ್ಲಿ 6 ಮಿಲಿಮೀಟರ್ ಎತ್ತರದ ಅಕ್ಷರ, ಹನ್ನೆರಡು ಸಲ ಹತ್ತಿ ಒತ್ತಿದೆ. ಈಗ ಉಗುರು ಎಳೆದರೆ ಪ್ರತಿಯೊಂದು ಅಂಚೂ ತಾಗುತ್ತದೆ. ಸ್ಟೀಲ್ ಉಲ್ಲನ್‌ನಲ್ಲಿ ಉಜ್ಜಿದೆ. ಮೇಲಿನ ಹೊಳಪು ಹೆಚ್ಚಿತು, ಹೆಸರು ಅಲ್ಲೇ ಇದೆ. ಕೊಬ್ಬರಿ ಎಣ್ಣೆ ಹಚ್ಚಿ ಕಿಟಕಿಯ ಮೇಲಿಟ್ಟು ಹದಿನೈದು ದಿನ ಮಳೆಗಾಳಿಗೆ ಬಿಟ್ಟರೂ ತುಕ್ಕು ಕಂಡಿಲ್ಲ.

ಬೆಳಗಾವಿಯ ಅಕ್ಕ ಊಹಿಸಿದ್ದು ನಿಜ. ನಾನು ತಂದಿದ್ದ ಚರ್ಮದ ನಡು ಪದರ ನೀಲಿ ಬೂದು ಬಣ್ಣಕ್ಕಿತ್ತು. ಅದನ್ನು ಬದಿಗಿಟ್ಟು, 2.5 ಮಿಲಿಮೀಟರಿನ ತೊಗಟೆ ಹದದ ಚರ್ಮ ತರಿಸಿ ನಾಲ್ಕು ಓಟದಲ್ಲಿ ಕತ್ತರಿಸಿದೆ. ಮುದುಡಲಿಲ್ಲ, ಅಂಚು ಜೇನುಮೇಣಕ್ಕೆ ಕರಿಮಣಿಯಂತೆ ಹೊಳೆಯಿತು. ತೂತುಗಳನ್ನು ಆರಿಯಲ್ಲೇ ಚುಚ್ಚಿದೆ, ಬೆರಳಿಗೂ ಎರಡು ಸಲ ಚುಚ್ಚಿಕೊಂಡೆ. ಎಲ್ಲ ಹೊಲಿದು ಚಾಕು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಗೊತ್ತಾಯಿತು, ನಕ್ಷೆಯನ್ನು ಕನ್ನಡಿ ಬಿಂಬ ಮಾಡುವುದನ್ನು ಮರೆತಿದ್ದೆ. ಬೆಲ್ಟಿನ ಪಟ್ಟಿ ಎಡಗಡೆಗೆ ಬಂದಿದೆ.

ಪಕ್ಕದ ತೋಟದ ಯಜಮಾನರು ಎಡಚರು. ಆ ಒರೆಯನ್ನು ಅವರು ನಿನ್ನೆ ಬಂದು ತೆಗೆದುಕೊಂಡು ಹೋದರು, ಅದಕ್ಕೆ ಹೊಂದುವ ಚಾಕುವಿಗೂ ಹೇಳಿಹೋಗಿದ್ದಾರೆ. ಅವರ ಹೆಸರಿನಲ್ಲಿ ಥ ಇದೆ. ಧಾರವಾಡದವರು ಹೇಳಿದಂತೆ ಈ ಸಲ 7 ಮಿಲಿಮೀಟರ್ ಇಡುತ್ತೇನೆ.